ಬರ ಮತ್ತು ಉಪ್ಪು ನೀರು ಎರಡೂ ಇದ್ದಾಗ ಬೆಳೆ ಎಷ್ಟು ನೀರು ಹೀರುತ್ತೆ? ಮಾಡೆಲ್ ಮಾಡೋರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇರು ನೀರು ಹೀರೋದನ್ನ ಮಾಡೆಲ್ ಮಾಡೋಕೆ, ಅಂದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ಹಿಡಿಯೋಕೆ, ಹೊರಟವರು ಕೇಳೋ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ತರ ಇರುತ್ವೆ. ಒಬ್ಬೊಬ್ಬರಿಗೂ ಅದನ್ನೇ ಟೈಪ್ ಮಾಡಿ ಕೈ ನೋವಾಗಿ ಎಲ್ಲಾ ಒಂದೇ ಕಡೆ ಹಾಕಿದೀನಿ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡೇ ಸಾಲು, ಬೇಜಾರು ಮಾಡ್ಕೋಬೇಡಿ.

ಮಣ್ಣಲ್ಲಿ ತೇವ ಇದೆ, ಆದ್ರೂ ಉಪ್ಪು ನೀರು ಹಾಯಿಸಿದ ಬೆಳೆ ಬಾಡುತ್ತಲ್ಲ, ಯಾಕೆ?

ಬೇರಿಗೆ ಮುಖ್ಯ ಆಗೋದು ಮಣ್ಣಲ್ಲಿ ಎಷ್ಟು ನೀರಿದೆ ಅನ್ನೋದಕ್ಕಿಂತ ಆ ನೀರನ್ನ ಎಳ್ಕೊಳ್ಳೋಕೆ ಎಷ್ಟು ಕಷ್ಟ ಪಡ್ಬೇಕು ಅನ್ನೋದು. ಮಣ್ಣು ಒಣಗ್ತಾ ಹೋದ ಹಾಗೆ ಉಳಿದ ನೀರನ್ನ ಸಣ್ಣ ಸಣ್ಣ ರಂಧ್ರಗಳಲ್ಲಿ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಇದು ಮಣ್ಣಿನ ಹಿಡಿತ, ಮ್ಯಾಟ್ರಿಕ್ ಪೊಟೆನ್ಷಿಯಲ್ ಅಂತಾರೆ. ನೀರಲ್ಲಿ ಕರಗಿರೋ ಉಪ್ಪೂ ತನ್ನ ಪಾಲಿಗೆ ಇನ್ನೊಂದು ಹಿಡಿತ ಹಾಕುತ್ತೆ, ಅದು ಆಸ್ಮಾಟಿಕ್ ಪೊಟೆನ್ಷಿಯಲ್. ಲೆಕ್ಕಕ್ಕೆ ಒಂದು ಅಂದಾಜು ನೆನಪಲ್ಲಿ ಇಟ್ಕೊಳ್ಳಿ: ಮಣ್ಣಿನ ನೀರಿನ ಇಸಿ (ವಿದ್ಯುತ್ ವಾಹಕತೆ, ನೀರು ಎಷ್ಟು ಉಪ್ಪು ಅನ್ನೋದರ ಅಳತೆ) 1 ಡಿಎಸ್/ಮೀ (ಮೀಟರಿಗೆ ಡೆಸಿಸೀಮನ್ಸ್) ಏರಿದ್ರೆ ಸುಮಾರು 36 ಕಿಲೋಪ್ಯಾಸ್ಕಲ್, ಅಂದ್ರೆ ಹತ್ತಿರ ಹತ್ತಿರ 360 ಸೆಂಮೀ ನೀರಿನ ಎತ್ತರದಷ್ಟು ಹೆಚ್ಚುವರಿ ಎಳೆತ ಬೇಕು. ಇಸಿ 10 ಇದ್ರೆ 3600 ಸೆಂಮೀ. ಪೂರ್ತಿ ಬಾಡೋ ಬಿಂದು ಅಂತ ಪುಸ್ತಕಗಳಲ್ಲಿ ಹಾಕೋದು ಸುಮಾರು 15000 ಸೆಂಮೀ, ಆದ್ರೆ ಬೆಳೆ ಅಲ್ಲೀತನಕ ಕಾಯಲ್ಲ, ಅದಕ್ಕೆ ಎಷ್ಟೋ ಮುಂಚೇನೇ ಎಲೆಯ ರಂಧ್ರ ಮುಚ್ಕೊಂಡು ಖರ್ಚು ಕಮ್ಮಿ ಮಾಡಿರುತ್ತೆ.

ಇದಲ್ಲದೆ ಸೋಡಿಯಂ, ಕ್ಲೋರೈಡ್ ಎಲೆಯಲ್ಲಿ ಸೇರ್ಕೊಂಡು ವಿಷ ಆಗೋದು ಇನ್ನೊಂದು ಕಥೆ. ಅದು ನಿಧಾನಕ್ಕೆ, ದಿನಗಟ್ಟಲೆ ವಾರಗಟ್ಟಲೆ ಆದ್ಮೇಲೆ ಹಳೇ ಎಲೆಗಳ ಅಂಚಲ್ಲಿ ಕಾಣಿಸ್ಕೊಳ್ಳುತ್ತೆ. ನಾವು ಮಾತಾಡ್ತಿರೋ ಮಾಡೆಲ್‌ಗಳಲ್ಲಿ ಹೆಚ್ಚಿನವು ನೇರವಾಗಿ ಹಿಡಿಯೋದು ಮೊದಲನೇದನ್ನ ಮಾತ್ರ, ಇದನ್ನ ಮರೀಬೇಡಿ.

ಮಾಡೆಲ್ ಒಳಗೆ ನಿಜಕ್ಕೂ ಏನು ನಡೀತಿರುತ್ತೆ?

ಮಣ್ಣಲ್ಲಿ ನೀರು ಓಡಾಡೋದಕ್ಕೆ 1931ರ ರಿಚರ್ಡ್ಸ್ ಸಮೀಕರಣ, ಅದರೊಳಗೆ ಬೇರು ಕಿತ್ಕೊಂಡು ಹೋಗೋ ನೀರನ್ನ ಕಳೆಯೋಕೆ ಒಂದು ಪದ, ಅದಕ್ಕೆ ಸಿಂಕ್ ಟರ್ಮ್ ಅಂತಾರೆ, ಉಪ್ಪು ಓಡಾಡೋದಕ್ಕೆ ಇನ್ನೊಂದು ಸಮೀಕರಣ. ಸಿಂಕ್ ಟರ್ಮ್ ಮೂರು ವಿಷಯಗಳ ಗುಣಾಕಾರ: ಆ ದಿನ ಬೆಳೆ ಬಯಸೋ ನೀರು, ಆ ಆಳದಲ್ಲಿರೋ ಬೇರಿನ ಪಾಲು, ಮತ್ತು ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆ, ಅದೇ ಆಲ್ಫಾ. ಎಲ್ಲಾ ಸುಖವಾಗಿದ್ರೆ ಆಲ್ಫಾ 1, ಬೇರಿಗೆ ಏನೂ ಸಿಗದಿದ್ರೆ 0. ಈ ಕ್ಷೇತ್ರದ ಮುಕ್ಕಾಲು ಜಗಳ ನಡೆಯೋದು ಈ ಆಲ್ಫಾ ಮೇಲೇನೇ.

ಒಂದು ಸಣ್ಣ ವಿಷಯ, ಆದ್ರೆ ಕಥೆಯೆಲ್ಲಾ ತಿರುಗೋದೇ ಅಲ್ಲಿ: ಬೇರು ನೀರು ತಗೊಳ್ಳುತ್ತೆ, ಉಪ್ಪನ್ನ ಬಹುಪಾಲು ಅಲ್ಲೇ ಬಿಟ್ಟು ಹೋಗುತ್ತೆ. ಹಾಗಾಗಿ ಮಣ್ಣಿನ ತೇವ ಅರ್ಧ ಆದ್ರೆ ಉಳಿದ ನೀರಿನ ಉಪ್ಪು ಹೆಚ್ಚು ಕಮ್ಮಿ ಎರಡರಷ್ಟು. ಒಣಗೋದೂ ಉಪ್ಪಾಗೋದೂ ಒಂದೇ ದಿನ, ಒಂದೇ ಜಾಗದಲ್ಲಿ ಜೊತೆಜೊತೆಗೆ ನಡೆಯುತ್ತೆ. ಬರ ಬೇರೆ ಉಪ್ಪು ಬೇರೆ ಅಂತ ಎರಡು ಖಾನೆ ಮಾಡಿ ಲೆಕ್ಕ ಹಾಕೋರು ಎಡವೋದು ಇಲ್ಲೇ.

ಫೆಡ್ಡೆಸ್ ಬಳಸ್ಲಾ, ವಾನ್ ಗೆನುಖ್ಟನ್ ಎಸ್ ಆಕಾರದ್ದು ಬಳಸ್ಲಾ?

ಎರಡೂ ಮಣ್ಣಿನ ಹಿಡಿತ ನೋಡಿ ಆಲ್ಫಾ ಹೇಳೋ ಸೂತ್ರಗಳು, ಮಾಡಿದವರ ಹೆಸರಲ್ಲೇ ಕರೀತಾರೆ. 1978ರ ಫೆಡ್ಡೆಸ್ ಅಂದ್ರೆ ನಾಲ್ಕು ಬಿಂದುಗಳ ಗೆರೆ. ತೀರಾ ಒದ್ದೆ ಇದ್ರೆ ಗಾಳಿ ಸಾಲದೆ ಹೀರೋದು ಕಮ್ಮಿ, ನಡುವೆ ಪೂರ್ತಿ, ಆಮೇಲೆ ಒಣಗ್ತಾ ಸೊನ್ನೆಗೆ ಇಳಿಯುತ್ತೆ. ಮೆಕ್ಕೆಜೋಳಕ್ಕೆ ಸಾಮಾನ್ಯವಾಗಿ ಹಾಕೋ ಸಂಖ್ಯೆಗಳು ಮೈನಸ್ 15, ಮೈನಸ್ 30, ಆಮೇಲೆ ಬೇಡಿಕೆ ಜಾಸ್ತಿ ಇರೋ ದಿನಕ್ಕೆ ಮೈನಸ್ 325, ಕಮ್ಮಿ ಇರೋ ದಿನಕ್ಕೆ ಮೈನಸ್ 600, ಕೊನೇದು ಮೈನಸ್ 8000 ಸೆಂಮೀ. ಮೂರನೇ ಬಿಂದು ದಿನದ ಬೇಡಿಕೆ ನೋಡಿ ಜರುಗೋದೇ ಇದರ ಚೆಂದ, ಸುಡು ಬಿಸಿಲಿನ ದಿನ ಅದೇ ತೇವದಲ್ಲಿ ಬೆಳೆ ಬೇಗ ಸೋಲುತ್ತೆ, ಮೋಡ ಇದ್ದ ದಿನ ತಡ್ಕೊಳ್ಳುತ್ತೆ, ಇದು ಹೊಲದಲ್ಲಿ ಕಣ್ಣಿಗೇ ಕಾಣುತ್ತೆ.

1987ರ ಎಸ್ ಆಕಾರದ್ದಕ್ಕೆ ಎರಡೇ ಸಂಖ್ಯೆ ಸಾಕು: ಹೀರೋದು ಅರ್ಧಕ್ಕೆ ಇಳಿಯೋ ಬಿಂದು, ಮತ್ತೆ ಇಳಿಜಾರು ಎಷ್ಟು ಚೂಪು ಅನ್ನೋ ಘಾತ, ಇದಕ್ಕೆ ಬಹಳಷ್ಟು ಜನ 3 ಹಾಕ್ತಾರೆ. ಡೇಟಾ ಕಮ್ಮಿ ಇದ್ರೆ ನಾನು ಇದನ್ನೇ ಆರಿಸ್ಕೊಳ್ತೀನಿ, ಫಿಟ್ ಮಾಡೋಕೆ ಸಂಖ್ಯೆ ಕಮ್ಮಿ ಇದ್ದಷ್ಟೂ ನಮಗೆ ನಾವೇ ಮೋಸ ಮಾಡ್ಕೊಳ್ಳೋ ಅವಕಾಶ ಕಮ್ಮಿ. ಆದ್ರೆ ನೀರು ನಿಲ್ಲೋ ಜೇಡಿ ಮಣ್ಣಾದ್ರೆ ಎಚ್ಚರ, ಒದ್ದೆ ಕಡೆಯ ತೊಂದರೆ ಇದರಲ್ಲಿ ಇಲ್ಲವೇ ಇಲ್ಲ.

ಬರದ ಹೊಡೆತ, ಉಪ್ಪಿನ ಹೊಡೆತ ಎರಡನ್ನೂ ಹೇಗೆ ಸೇರಿಸೋದು? ಕೂಡಿಸೋದಾ, ಗುಣಿಸೋದಾ?

ಎಲ್ಲರೂ ಕೇಳೋ ಪ್ರಶ್ನೆ ಇದು, ಹಾಗಾಗಿ ಕೈಯಲ್ಲೇ ಲೆಕ್ಕ ಹಾಕಿ ತೋರಿಸ್ತೀನಿ, ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಕೊಳ್ಳಿ.

ಒಂದು ಪದರದಲ್ಲಿ ನೂರಕ್ಕೆ 30 ಪಾಲು ತೇವ ಇತ್ತು, ಆಗ ಅದರ ನೀರಿನ ಇಸಿ 6, ಅಂದ್ರೆ ಉಪ್ಪಿನ ಎಳೆತ 2160 ಸೆಂಮೀ ಅಂತ ಇಟ್ಕೊಳ್ಳಿ. ಬೆಳೆ ಹೀರ್ತಾ ಹೀರ್ತಾ ತೇವ 15 ಪಾಲಿಗೆ ಬಂತು. ಈಗ ಇಸಿ 12, ಉಪ್ಪಿನ ಎಳೆತ 4320. ಮಣ್ಣಿನ ಹಿಡಿತ ಈ ತೇವದಲ್ಲಿ 5000 ಅಂತ ಇರ್ಲಿ. ಎರಡಕ್ಕೂ ಅರ್ಧಕ್ಕೆ ಇಳಿಯೋ ಬಿಂದು 5000, ಘಾತ 3.

ಕೂಡಿಸೋ ವಿಧಾನ: 5000ಕ್ಕೆ 4320 ಸೇರಿಸಿ 9320, ಅದನ್ನ 5000ದಿಂದ ಭಾಗಿಸಿ ಘನ ಮಾಡಿ ಒಂದು ಸೇರಿಸಿ ತಲೆಕೆಳಗೆ ಮಾಡಿದ್ರೆ ಆಲ್ಫಾ ಸುಮಾರು 0.13. ಗುಣಿಸೋ ವಿಧಾನ: ಬರದ್ದು 0.50, ಉಪ್ಪಿನದ್ದು 0.61, ಗುಣಿಸಿದ್ರೆ 0.30. ಮೂರನೇದು, ಎರಡರಲ್ಲಿ ಯಾವುದು ಕೆಟ್ಟದ್ದೋ ಅದನ್ನ ಮಾತ್ರ ತಗೊಳ್ಳೋದು: 0.50. ಆ ದಿನ ಬೆಳೆ 6 ಮಿಮೀ ಬಯಸ್ತಿತ್ತು ಅಂದ್ರೆ ಮೂರು ವಿಧಾನದ ಉತ್ತರ ಕ್ರಮವಾಗಿ 0.8, 1.8, 3 ಮಿಮೀ. ಒಂದೇ ಮಣ್ಣು, ಒಂದೇ ಬೆಳೆ, ಒಂದೇ ದಿನ, ಉತ್ತರ ಮಾತ್ರ ಸುಮಾರು ನಾಲ್ಕು ಪಟ್ಟು ಆಚೆ ಈಚೆ!

ಹಾಗಾದ್ರೆ ಯಾವುದು ಸರಿ? ಭೌತಶಾಸ್ತ್ರದವರು ಕೂಡಿಸೋದೇ ಸರಿ ಅಂತಾರೆ, ಎನರ್ಜಿ ಲೆಕ್ಕದಲ್ಲಿ ಎರಡೂ ಒಂದೇ ನಾಣ್ಯ ಅಂತ. ಆದ್ರೆ ಬೇರಿನ ಪಕ್ಕ ಎರಡೂ ಒಂದೇ ತರ ನಡ್ಕೊಳ್ಳಲ್ಲ. ಮಣ್ಣು ಒಣಗಿದಾಗ ಅದರ ಹಿಡಿತ ಜಾಸ್ತಿ ಆಗೋದಷ್ಟೇ ಅಲ್ಲ, ನೀರು ಬೇರಿನ ಹತ್ತಿರ ಹರಿದು ಬರೋ ದಾರೀನೇ ಕಟ್ಟಾಗುತ್ತೆ, ವಾಹಕತೆ ನೂರಾರು ಪಟ್ಟು ಬೀಳುತ್ತೆ. ಉಪ್ಪು ಹಾಗೆ ದಾರಿ ಕಟ್ ಮಾಡಲ್ಲ. ಅದಕ್ಕೇ 1000 ಸೆಂಮೀ ಉಪ್ಪಿನ ಎಳೆತಕ್ಕೂ 1000 ಸೆಂಮೀ ಮಣ್ಣಿನ ಹಿಡಿತಕ್ಕೂ ಒಂದೇ ಬೆಲೆ ಕಟ್ಟೋದು ನನಗೆ ಒಪ್ಪಿಗೆ ಆಗಲ್ಲ. ಗುಣಿಸೋದಕ್ಕೆ ಭೌತಶಾಸ್ತ್ರದ ಆಧಾರ ತೆಳ್ಳಗಿದೆ, ನಿಜ, ಆದ್ರೂ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಹಾಕೋಕೆ ಬಿಡುತ್ತೆ ಅನ್ನೋದೇ ಅದರ ಬಲ. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) 1998ರಲ್ಲಿ ತಂದ 56ನೇ ಕೈಪಿಡಿ ಕೂಡ ನೀರಿನ ಕೊರತೆ ಮತ್ತು ಉಪ್ಪು ಎರಡೂ ಇದ್ದಾಗ ಗುಣಿಸೋ ದಾರೀನೇ ಹಿಡಿದಿದೆ. ನಾನು ಗುಣಿಸೋದರಿಂದ ಶುರು ಮಾಡ್ತೀನಿ, ಆಮೇಲೆ ಮೂರನ್ನೂ ಓಡಿಸಿ ಅಂತರ ಎಷ್ಟು ಅಂತ ರಿಪೋರ್ಟಲ್ಲೇ ಹಾಕ್ತೀನಿ. ಒಂದನ್ನೇ ಓಡಿಸಿ ದಶಾಂಶದ ಮುಂದೆ ಮೂರು ಅಂಕಿ ಬರೆಯೋರನ್ನ ನೋಡಿದ್ರೆ ನಗು ಬರುತ್ತೆ.

ಇನ್ನೊಂದು ಮಾತು, ಉಪ್ಪು ಕಮ್ಮಿ ಇದ್ದು ಬರ ಮಾತ್ರ ಇದ್ರೆ, ಅಥವಾ ಮಣ್ಣು ಯಾವಾಗ್ಲೂ ಒದ್ದೆ ಇದ್ದು ಉಪ್ಪು ಮಾತ್ರ ಇದ್ರೆ, ಮೂರೂ ವಿಧಾನ ಹತ್ತಿರ ಹತ್ತಿರಾನೇ ಬರುತ್ವೆ. ಜಗಳ ಇರೋದು ಎರಡೂ ಒಟ್ಟಿಗೆ ಬಂದಾಗ ಮಾತ್ರ.

ಲ್ಯಾಬ್ ಕೊಟ್ಟ ಇಸಿ ಸಂಖ್ಯೆಯನ್ನ ಹಾಗೇ ಮಾಡೆಲ್‌ಗೆ ಹಾಕಬಹುದಾ?

ಹಾಕ್ಬೇಡಿ!! ಇದರಲ್ಲಿ ನಾನೇ ಕೆಟ್ಟಿದೀನಿ. ಲ್ಯಾಬ್‌ನವರು ಮಣ್ಣಿಗೆ ನೀರು ಹಾಕಿ ಕಲಸಿ, ಪೂರ್ತಿ ನೆಂದ ಪೇಸ್ಟ್ ಮಾಡಿ, ಅದರಿಂದ ನೀರು ಹಿಂಡಿ ಅಳೀತಾರೆ, ಅದು ಇಸಿಇ. ಮಾಡೆಲ್ ಲೆಕ್ಕ ಹಾಕೋದು ಹೊಲದಲ್ಲಿರೋ ತೇವದ ಇಸಿ. ಮಣ್ಣು ಫೀಲ್ಡ್ ಕೆಪ್ಯಾಸಿಟಿಯಲ್ಲಿ (ಹೆಚ್ಚಿನ ನೀರು ಬಸಿದ ಮೇಲೆ ಉಳಿಯೋ ತೇವದಲ್ಲಿ) ಇದ್ದಾಗ ಈ ಎರಡನೇದು ಇಸಿಇಯ ಸುಮಾರು ಎರಡರಷ್ಟು ಇರುತ್ತೆ, ಒಣಗಿದ್ರೆ ಇನ್ನೂ ಜಾಸ್ತಿ.

ನಾನು ಬೀನ್ಸ್ ಬೆಳೆಗೆ ಟೇಬಲ್‌ನಲ್ಲಿ ಇಸಿಇ ಲೆಕ್ಕದಲ್ಲಿದ್ದ ಮಿತಿ 1, ಇಳಿಜಾರು 19 (ಅಂದ್ರೆ 1 ದಾಟಿದ ಪ್ರತಿ ಒಂದಕ್ಕೆ 19 ಪರ್ಸೆಂಟ್ ಬೀಳುತ್ತೆ) ಅನ್ನೋದನ್ನ ಹಾಗೇ ಟೈಪ್ ಮಾಡಿಬಿಟ್ಟಿದ್ದೆ. ಮಣ್ಣಿನ ನೀರಿನ ಇಸಿ 4 ಇತ್ತು. ಮಾಡೆಲ್ ಹೇಳ್ತು ಬೆಳೆ 43 ಪರ್ಸೆಂಟ್ ಮಾತ್ರ ಹೀರ್ತಿದೆ ಅಂತ, ಹೊಲದಲ್ಲಿ ನೋಡಿದ್ರೆ ಗಿಡಗಳು ತಕ್ಕ ಮಟ್ಟಿಗೆ ಚೆನ್ನಾಗೇ ನಿಂತಿದ್ವು. ಒಂದು ವಾರ ಬೇರಿನ ಆಳ ಬದಲಾಯಿಸಿದೆ, ಮಣ್ಣಿನ ಪ್ಯಾರಾಮೀಟರ್ ತಿರುಚಿದೆ, ಏನೂ ಪ್ರಯೋಜನ ಇಲ್ಲ. ಕೊನೆಗೆ ಮಿತಿಯನ್ನ ದುಪ್ಪಟ್ಟು ಮಾಡಿ 2, ಇಳಿಜಾರನ್ನ ಅರ್ಧ ಮಾಡಿ 9.5 ಅಂತ ಹಾಕಿದ್ಮೇಲೆ 81 ಪರ್ಸೆಂಟ್ ಬಂತು. ಎರಡು ಸಂಖ್ಯೆಗೆ ಒಂದು ವಾರ ಹಾಳು. ಇದರ ಜೊತೆಗೆ ಸೆಂಮೀನಾ ಮೀಟರಾ, ಮೈನಸ್ ಚಿಹ್ನೆ ಹಾಕ್ಬೇಕಾ ಬೇಡ್ವಾ ಅನ್ನೋದನ್ನೂ ಪ್ರತಿ ಸಾರಿ ನೋಡ್ಕೊಳ್ಳಿ.

ಮಾಸ್ ಹಾಫ್‌ಮನ್ ಟೇಬಲ್ ನಂಬಬಹುದಾ?

1977ರದ್ದು, ಇವತ್ತಿಗೂ ಅದನ್ನೇ ಎಲ್ಲರೂ ಬಳಸೋದು. ಬಾರ್ಲಿ 8, ಹತ್ತಿ 7.7, ಗೋಧಿ 6, ಭತ್ತ 3, ಟೊಮ್ಯಾಟೊ 2.5, ಮೆಕ್ಕೆಜೋಳ 1.7, ಈರುಳ್ಳಿ 1.2, ಹೀಗೆ ಇಸಿಇ ಮಿತಿಗಳು, ಅದನ್ನ ದಾಟಿದ ಪ್ರತಿ ಒಂದು ಡಿಎಸ್/ಮೀಗೆ ಇಳುವರಿ ಇಂತಿಷ್ಟು ಪರ್ಸೆಂಟ್ ಬೀಳುತ್ತೆ ಅಂತ. ಯಾವ ಬೆಳೆ ಗಟ್ಟಿ ಯಾವುದು ಸೂಕ್ಷ್ಮ ಅಂತ ಹೋಲಿಸೋಕೆ ತುಂಬಾ ಒಳ್ಳೇದು. ಆದ್ರೆ ಆ ಪ್ರಯೋಗಗಳಲ್ಲಿ ನೀರಿಗೆ ಕೊರತೆ ಇರ್ಲಿಲ್ಲ, ಧಾರಾಳವಾಗಿ ಹಾಯಿಸಿ ಬೇರು ವಲಯದ ಉಪ್ಪನ್ನ ಆದಷ್ಟು ಒಂದೇ ಸಮ ಇಟ್ಟು ಮಾಡಿದ್ದು. ನೀವು ಅದನ್ನ ತಂದು ಬರದ ಲೆಕ್ಕಕ್ಕೆ ಹಾಕ್ತಿದೀರಿ ಅಂದ್ರೆ ಅದು ಹುಟ್ಟಿದ ಜಾಗದಿಂದ ಹೊರಗೆ ಎಳ್ಕೊಂಡು ಹೋದ ಹಾಗೆ. ಅದೂ ಅಲ್ದೆ ಅದು ಹೇಳೋದು ಇಳುವರಿ, ನಮಗೆ ಬೇಕಿರೋದು ನೀರು ಹೀರೋದು, ಎರಡೂ ಒಂದೇ ಪ್ರಮಾಣದಲ್ಲಿ ಬೀಳುತ್ತೆ ಅಂತ ಅಂದ್ಕೊಂಡು ನಾವು ಮುಂದೆ ಹೋಗ್ತೀವಿ. ಭತ್ತದ ತರ ಸಸಿ ಹಂತದಲ್ಲಿ ಸೂಕ್ಷ್ಮ, ಆಮೇಲೆ ಗಟ್ಟಿ, ಹೂ ಬಿಡೋವಾಗ ಮತ್ತೆ ಸೂಕ್ಷ್ಮ ಆಗೋ ಬೆಳೆಗಳಿಗೆ ಇಡೀ ಸೀಸನ್‌ಗೆ ಒಂದೇ ಮಿತಿ ಹಾಕಿದ್ರೂ ತಪ್ಪು ಉತ್ತರ ಬರುತ್ತೆ.

ಮೇಲೆ ಉಪ್ಪು ಜಾಸ್ತಿ, ಕೆಳಗೆ ಒಳ್ಳೇ ನೀರಿದೆ. ಬೇರು ಕೆಳಗಿಂದ ಹೆಚ್ಚು ಎಳ್ಕೊಳ್ಳಲ್ವಾ?

ಎಳ್ಕೊಳ್ಳುತ್ತೆ, ಇದನ್ನೇ ಕಾಂಪೆನ್ಸೇಶನ್ ಅನ್ನೋದು. ಸಾದಾ ಫಾರ್ಮುಲಾದಲ್ಲಿ ಪ್ರತಿ ಪದರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತೆ, ಒಂದು ಪದರ ಸೋತ್ರೆ ಇನ್ನೊಂದಕ್ಕೆ ಸುದ್ದೀನೇ ಹೋಗಲ್ಲ. ಜಾರ್ವಿಸ್ 1989ರಲ್ಲಿ ಇದಕ್ಕೊಂದು ಸರಳ ಉಪಾಯ ಕೊಟ್ರು. ಉದಾಹರಣೆಗೆ ಬೇರಿನ 60 ಪರ್ಸೆಂಟ್ ಮೇಲಿನ ಪದರದಲ್ಲಿ, ಅಲ್ಲಿ ಆಲ್ಫಾ 0.3, ಉಳಿದ 40 ಪರ್ಸೆಂಟ್ ಕೆಳಗೆ, ಅಲ್ಲಿ 0.9. ಒಟ್ಟು 0.18 ಮತ್ತು 0.36, ಅಂದ್ರೆ 0.54. ಕಾಂಪೆನ್ಸೇಶನ್ ಇಲ್ಲ ಅಂದ್ರೆ 6 ಮಿಮೀ ಬಯಸಿದ ಬೆಳೆಗೆ 3.2 ಸಿಗುತ್ತೆ. ಜಾರ್ವಿಸ್ ಉಪಾಯದಲ್ಲಿ ಕ್ರಿಟಿಕಲ್ ಇಂಡೆಕ್ಸ್ ಅಂತ ಒಂದು ಮಿತಿ ಇದೆ, ಒಟ್ಟು ಅದಕ್ಕಿಂತ ಮೇಲಿದ್ರೆ ಬೆಳೆಗೆ ಪೂರ್ತಿ ನೀರು, ಕೆಳಗಿದ್ರೆ ಒಟ್ಟನ್ನ ಅದರಿಂದ ಭಾಗಿಸೋದು. ಅದು 0.7 ಅಂತ ಹಾಕಿದ್ರೆ 0.54 ಭಾಗಿಸು 0.7, ಸುಮಾರು 0.77, ಅಂದ್ರೆ 4.6 ಮಿಮೀ. ಅದನ್ನೇ 0.5 ಅಂತ ಹಾಕಿದ್ರೆ ಬೆಳೆಗೆ ಕಷ್ಟಾನೇ ಇಲ್ಲ, ಪೂರ್ತಿ 6!

ತೊಂದರೆ ಏನಪ್ಪಾ ಅಂದ್ರೆ ಈ ಇಂಡೆಕ್ಸನ್ನ ನೇರವಾಗಿ ಅಳೆಯೋಕೆ ಆಗಲ್ಲ, ಫಿಟ್ ಮಾಡ್ಬೇಕು. ಜೊತೆಗೆ ಅರ್ಧಕ್ಕೆ ಇಳಿಯೋ ಬಿಂದೂನೂ ಫಿಟ್ ಮಾಡ್ತಾ ಕೂತ್ರೆ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಾಗೆ, ಒಂದನ್ನ ಏರಿಸಿದ್ರೆ ಇನ್ನೊಂದನ್ನ ಇಳಿಸಿ ಅದೇ ಗ್ರಾಫ್ ತರಬಹುದು. ಯಾವುದಾದ್ರೂ ಒಂದನ್ನ ಬೇರೆ ಕಡೆಯಿಂದ ಗೊತ್ತು ಮಾಡ್ಕೊಂಡು ಕಟ್ಟಿಹಾಕಿ, ಆಮೇಲೆ ಇನ್ನೊಂದರ ತಂಟೆಗೆ ಹೋಗಿ.

ಉಪ್ಪು ತೊಳೆಯೋಕೆ ಎಷ್ಟು ನೀರು ಜಾಸ್ತಿ ಬೇಕು ಅಂತ ಮಾಡೆಲ್ ಹೇಳುತ್ತಾ?

ಹೇಳುತ್ತೆ, ಕೈ ಲೆಕ್ಕಕ್ಕಿಂತ ಚೆನ್ನಾಗೇ ಹೇಳುತ್ತೆ. ಮೊದಲು ಉಪ್ಪು ಎಷ್ಟು ಬರ್ತಿದೆ ಅಂತ ನೋಡಿ. ಇಸಿ 1 ಅಂದ್ರೆ ಲೀಟರಿಗೆ ಅಂದಾಜು 640 ಮಿಲಿಗ್ರಾಂ ಉಪ್ಪು. ಇಸಿ 2ರ ನೀರನ್ನ ಸೀಸನ್ನಲ್ಲಿ 500 ಮಿಮೀ ಹಾಯಿಸಿದ್ರೆ ಹೆಕ್ಟೇರಿಗೆ 5000 ಘನ ಮೀಟರ್, ಅದರಲ್ಲಿ 6.4 ಟನ್ ಉಪ್ಪು! ಬಸಿದು ಹೋಗದಿದ್ರೆ ಅದೆಲ್ಲಾ ಅಲ್ಲೇ ಕೂತು ನೆಲ ಸವಳಾಗುತ್ತೆ.

ಕೈ ಲೆಕ್ಕದ ಹಳೇ ಫಾರ್ಮುಲಾ: ನೀರಿನ ಇಸಿಯನ್ನ, ಬೆಳೆಯ ಮಿತಿಯ ಐದು ಪಟ್ಟಿನಿಂದ ನೀರಿನ ಇಸಿ ಕಳೆದಾಗ ಬರೋದ್ರಿಂದ ಭಾಗಿಸಿ. ಟೊಮ್ಯಾಟೊಗೆ 2 ಭಾಗಿಸು 10.5, ಅಂದ್ರೆ ಹಾಯಿಸೋ ನೀರಲ್ಲಿ 0.19 ಪಾಲು ಉಪ್ಪು ತೊಳೆಯೋಕೆ ಹೋಗ್ಬೇಕು. ಬೆಳೆಗೆ 500 ಮಿಮೀ ಬೇಕಿದ್ರೆ ಹಾಯಿಸ್ಬೇಕಾದ್ದು ಸುಮಾರು 617. ಆದ್ರೆ ಈ ಫಾರ್ಮುಲಾ ಎಲ್ಲಾ ಸ್ಥಿರವಾಗಿದೆ ಅಂದ್ಕೊಳ್ಳುತ್ತೆ. ನಿಜದಲ್ಲಿ ಉಪ್ಪು ಏರಿದ್ರೆ ಬೆಳೆ ಕಮ್ಮಿ ಹೀರುತ್ತೆ, ಕಮ್ಮಿ ಹೀರಿದ್ರೆ ಉಳಿದ ನೀರು ಕೆಳಗೆ ಬಸಿಯುತ್ತೆ, ಬಸಿದ್ರೆ ಉಪ್ಪೂ ತೊಳೆದು ಹೋಗುತ್ತೆ, ಒಂದು ತರ ತನ್ನಷ್ಟಕ್ಕೆ ತಾನೇ ಸರಿ ಮಾಡ್ಕೊಳ್ಳೋ ಚಕ್ರ ಇದೆ. ಮಧ್ಯೆ ಒಂದು ಮಳೆ ಬಿದ್ರಂತೂ ಲೆಕ್ಕಾನೇ ಬೇರೆ. ದಿನದಿನದ ಮಾಡೆಲ್ ಇದನ್ನೆಲ್ಲಾ ಹಿಡಿಯುತ್ತೆ, ಹಾಗಾಗಿ ಅದರ ಉತ್ತರ ಹಳೇ ಫಾರ್ಮುಲಾಗಿಂತ ಸಾಮಾನ್ಯವಾಗಿ ಕಮ್ಮಿ ಬರುತ್ತೆ. ನೀರಿಗೇ ಬರ ಇರೋ ಕಡೆ ಈ ವ್ಯತ್ಯಾಸ ಸಣ್ಣದಲ್ಲ.

ಯಾವ ಸಾಫ್ಟ್‌ವೇರ್ ಒಳ್ಳೇದು?

ಬೇರು ವಲಯದ ಒಳಗೆ ಇಣುಕಿ ನೋಡ್ಬೇಕು ಅಂದ್ರೆ ಹೈಡ್ರಸ್ ಅಥವಾ ಸ್ವಾಪ್, ಎರಡೂ ರಿಚರ್ಡ್ಸ್ ಸಮೀಕರಣ ಬಿಡಿಸ್ತಾವೆ. ಇಳುವರಿ ಎಷ್ಟು, ನೀರು ಯಾವಾಗ ಹಾಯಿಸ್ಬೇಕು ಅನ್ನೋದಷ್ಟೇ ಬೇಕಿದ್ರೆ ಎಫ್‌ಎಒದ ಅಕ್ವಾಕ್ರಾಪ್ ಸಾಕು, ಮಣ್ಣಿನ ಡೇಟಾ ಕಮ್ಮಿ ಕೇಳುತ್ತೆ. ಡ್ರಿಪ್ ಆದ್ರೆ ಒಂದು ಆಯಾಮದ ಮಾಡೆಲ್ ಸಾಲದು, ಉಪ್ಪು ಒದ್ದೆ ಜಾಗದ ಅಂಚಿಗೆ ಹೋಗಿ ಉಂಗುರದ ತರ ಕೂರುತ್ತೆ, ಅದನ್ನ ನೋಡೋಕೆ ಎರಡು ಆಯಾಮ ಬೇಕೇ ಬೇಕು.

ಎಲ್ಲಾ ಸರಿಯಾಗಿ ಹಾಕಿದೀನಿ, ಆದ್ರೂ ಉತ್ತರ ಹೊಂದ್ತಿಲ್ಲ. ಆಲ್ಫಾ ಬದಲಾಯಿಸ್ಲಾ?

ತಡೀರಿ. ಆಲ್ಫಾಗೆ ಕೈ ಹಾಕೋ ಮುಂಚೆ ಮೂರು ಕಡೆ ನೋಡಿ ಅಂತ ನಾನು ಎಲ್ಲರಿಗೂ ಹೇಳೋದು. ಕೆಳಗಿನ ಬೌಂಡರಿ ಏನು ಹಾಕಿದೀರಿ? ಅಂತರ್ಜಲ ಒಂದೆರಡು ಮೀಟರ್ ಆಳದಲ್ಲೇ ಇದ್ದು ನೀವು ಫ್ರೀ ಡ್ರೈನೇಜ್ (ನೀರು ಸುಮ್ಮನೆ ಕೆಳಗೆ ಬಸಿದು ಹೋಗುತ್ತೆ) ಅಂತ ಹಾಕಿದ್ರೆ ಕೆಳಗಿಂದ ನೀರೂ ಉಪ್ಪೂ ಮೇಲೆ ಏರೋದು ಮಾಡೆಲ್‌ಗೆ ಗೊತ್ತೇ ಆಗಲ್ಲ. ಆಮೇಲೆ ಮಣ್ಣಿಂದ ಆವಿ ಆಗೋದು ಎಷ್ಟು, ಎಲೆಯಿಂದ ಹೋಗೋದು ಎಷ್ಟು ಅಂತ ಪಾಲು ಮಾಡಿದ್ದು ಸರಿ ಇದ್ಯಾ? ಉಪ್ಪಿಂದ ಗಿಡ ಗಿಡ್ಡ ಆಗಿ ಎಲೆ ಕಮ್ಮಿ ಆಗಿರುತ್ತೆ, ನೀವು ಒಳ್ಳೇ ಬೆಳೆಯ ಎಲೆ ವಿಸ್ತೀರ್ಣ ಹಾಕಿದ್ರೆ ಬೇಡಿಕೇನೇ ತಪ್ಪು, ಆಮೇಲೆ ಅದನ್ನ ಸರಿ ಮಾಡೋಕೆ ಆಲ್ಫಾನ ಇಳಿಸ್ತೀರಿ, ಒಂದೇ ಹೊಡೆತವನ್ನ ಎರಡು ಸಾರಿ ಲೆಕ್ಕ ಹಾಕಿದ ಹಾಗಾಗುತ್ತೆ. ಮೂರನೇದು ಬೇರಿನ ಆಳ, ಅದನ್ನ ಅಗೆದು ನೋಡದೆ ಪುಸ್ತಕದಿಂದ ತಗೊಂಡಿರ್ತೀರಿ, ನಾಚ್ಕೋಬೇಡಿ, ಎಲ್ಲರೂ ಹಾಗೇ ಮಾಡೋದು.

ಸೆನ್ಸರ್ ತೋರಿಸೋ ತೇವಾಂಶ ನಂಬ್ಲಾ?

ಉಪ್ಪಿನ ಮಣ್ಣಲ್ಲಿ ಕಣ್ಣು ಮುಚ್ಕೊಂಡು ನಂಬ್ಬೇಡಿ. ಕಮ್ಮಿ ಬೆಲೆಯ ಕೆಪ್ಯಾಸಿಟೆನ್ಸ್ ಸೆನ್ಸರ್‌ಗಳು ಇಸಿ ಏರಿದ್ರೆ ತೇವ ಜಾಸ್ತಿ ಇದೆ ಅಂತ ತೋರಿಸೋ ಚಾಳಿ ಇಟ್ಕೊಂಡಿರುತ್ವೆ, ಅದೇ ಮಣ್ಣು ಅದೇ ನೀರಲ್ಲಿ ಕ್ಯಾಲಿಬ್ರೇಟ್ ಮಾಡ್ಕೊಳ್ಳಿ. ಟೆನ್ಸಿಯೋಮೀಟರ್ ಸುಮಾರು 80 ಕಿಲೋಪ್ಯಾಸ್ಕಲ್ ತನಕ ಅಷ್ಟೇ, ಆಮೇಲೆ ಗಾಳಿ ನುಗ್ಗಿ ಕೈ ಎತ್ತುತ್ತೆ, ಅಂದ್ರೆ ಬರದ ನಿಜವಾದ ಭಾಗ ಶುರುವಾಗೋ ಹೊತ್ತಿಗೆ ಅದು ಸುಮ್ಮನಾಗಿರುತ್ತೆ. ಮತ್ತೆ ಅದು ಅಳೆಯೋದು ಮಣ್ಣಿನ ಹಿಡಿತ ಮಾತ್ರ, ಉಪ್ಪಿನ ಎಳೆತ ಅದಕ್ಕೆ ಕಾಣೋದೇ ಇಲ್ಲ. ಕುಂಡದಲ್ಲಿ ಅಥವಾ ಲೈಸಿಮೀಟರ್‌ನಲ್ಲಿ (ತೂಕ ಹಾಕೋಕೆ ಬರೋ ಮಣ್ಣಿನ ತೊಟ್ಟಿಯಲ್ಲಿ) ಬೆಳೆದು ದಿನಾ ತೂಕ ಹಾಕೋ ಅವಕಾಶ ಇದ್ರೆ ಅದಕ್ಕಿಂತ ಪ್ರಾಮಾಣಿಕ ಡೇಟಾ ಇನ್ನೊಂದಿಲ್ಲ.

ಸೋಡಿಯಂ ಜಾಸ್ತಿ ಇರೋ ನೀರಾದ್ರೂ ಇದೇ ಮಾಡೆಲ್ ನಡಿಯುತ್ತಾ?

ಪೂರ್ತಿ ನಡಿಯಲ್ಲ. ಸೋಡಿಯಂ ಜಾಸ್ತಿ ಆಗಿ, ಒಟ್ಟು ಉಪ್ಪು ಕಮ್ಮಿ ಇದ್ರೆ ಜೇಡಿ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನ ಮುಚ್ತವೆ, ನೀರು ಇಳಿಯೋದೇ ನಿಲ್ಲುತ್ತೆ. ಉಪ್ಪು ನೀರು ಹಾಯಿಸ್ತಿದ್ದಾಗ ಚೆನ್ನಾಗಿದ್ದ ಹೊಲದಲ್ಲಿ ಒಂದು ಒಳ್ಳೇ ಮಳೆ ಬಂದ್ಮೇಲೆ ನೀರು ನಿಂತ್ಕೊಳ್ಳೋದು ಇದಕ್ಕೇ. ಸಾದಾ ಮಾಡೆಲ್‌ನಲ್ಲಿ ಮಣ್ಣಿನ ವಾಹಕತೆ ಶುರುವಿನಲ್ಲಿ ಕೊಟ್ಟಿದ್ದೇ ಕೊನೆ ತನಕ, ಹಾಗಾಗಿ ಕ್ಯಾಲ್ಸಿಯಂ, ಸೋಡಿಯಂ ಬೇರೆ ಬೇರೆ ಲೆಕ್ಕ ಇಡೋ ಅನ್‌ಸ್ಯಾಟ್‌ಕೆಮ್ ತರದ ಸಾಫ್ಟ್‌ವೇರ್ ಬೇಕಾಗುತ್ತೆ.

ಇಷ್ಟೆಲ್ಲಾ ಯಾಕೆ, ಮಷೀನ್ ಲರ್ನಿಂಗ್ ಹಾಕಿಬಿಟ್ರೆ ಆಗಲ್ವಾ?

ಹಾಕಿ, ಯಾರು ಬೇಡ ಅಂದ್ರು. ಆದ್ರೆ ಬರ ಮತ್ತು ಉಪ್ಪು ಎರಡೂ ಒಟ್ಟಿಗೆ ಜೋರಾಗಿರೋ ದಿನಗಳು ನಿಮ್ಮ ಡೇಟಾದಲ್ಲಿ ಎಷ್ಟಿವೆ ಅಂತ ಮೊದಲು ಎಣಿಸಿ ನೋಡಿ. ನಾನು ಎಣಿಸಿದ್ದೆ, ಎರಡು ಸೀಸನ್ನಿನ ದಿನದಿನದ ಡೇಟಾದಲ್ಲಿ ಅಂಥವು ಹನ್ನೊಂದೇ ದಿನ ಸಿಕ್ಕಿದ್ವು, ಅದರಲ್ಲೂ ಎರಡು ದಿನ ಲಾಗರ್ ಬ್ಯಾಟರಿ ಹೋಗಿತ್ತು.